ಮುಂಬೈನ ಕನ್ನಡ ಮಾಧ್ಯಮ ಶಾಲೇಲಿ ಗಣಿತಕ್ಕೆ ನಾನೊಬ್ಬಳೇ ಟೀಚರ್, ಕಲಿಯೋಕೆ ಯಾವ ಆನ್‌ಲೈನ್ ಗ್ರೂಪ್ ಸೇರ್ಲಿ?

"ಧಾರವಾಡದಲ್ಲಿ ಬಿ.ಎಡ್ ಮುಗಿಸಿ ಇಲ್ಲಿಗೆ ಬಂದಿದೀನಿ, ಶಾಲೇಲಿ ನನ್ನ ವಿಷಯ ಮಾತಾಡೋಕೆ ಇನ್ನೊಬ್ರು ಇಲ್ಲ" ಅಂತ ಬರೆದಿದೀರಲ್ಲ ಮೇಡಂ, ನಾನೂ ಇದೇ ಊರಲ್ಲಿ ಕನ್ನಡ ಮಾಧ್ಯಮದಲ್ಲೇ ಗಣಿತ ಹೇಳ್ಕೊಡೋನು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ನಮ್ಮ ಕಷ್ಟ ಬೇರೆ ಟೀಚರ್‌ಗಳ ತರ ಅಲ್ಲ. ಪುಸ್ತಕ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ, ಪುಣೆಯ ಬಾಲಭಾರತಿದು, ಸಿಲಬಸ್ಸು ಪರೀಕ್ಷೆ ಎಲ್ಲಾ ಮಹಾರಾಷ್ಟ್ರದ್ದು, ಭಾಷೆ ಮಾತ್ರ ಕನ್ನಡ. ಕರ್ನಾಟಕದ ಗ್ರೂಪಿಗೆ ಹೋದ್ರೆ ಭಾಷೆ ಸಿಗುತ್ತೆ, ಪಾಠದ ಕ್ರಮ ಹೊಂದಲ್ಲ. ಇಲ್ಲಿನ ಗ್ರೂಪಿಗೆ ಹೋದ್ರೆ ಪಾಠ ನಮ್ಮದೇ, ಮಾತೆಲ್ಲಾ ಮರಾಠಿ. ನನ್ನ ಕೇಳಿದ್ರೆ ಎರಡೂ ಕಡೆ ಇರಿ, ಆದ್ರೆ ನಿಮ್ಮ ನಿಜವಾದ ಬಳಗ ಮೂರನೇದು, ಅದು ನಮ್ಮದೇ ಪುಸ್ತಕ ಕನ್ನಡದಲ್ಲೇ ಪಾಠ ಮಾಡೋ ಜನ, ಅಂದ್ರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಶಾಲೆಗಳ ಟೀಚರ್‌ಗಳು. ಅವರ ಜೊತೆ ಒಂದು ಚಿಕ್ಕ ಗ್ರೂಪಲ್ಲಿದ್ರೂ ಸಾಕು, ಸಾವಿರ ಜನರ ಗ್ರೂಪಿಗಿಂತ ಜಾಸ್ತಿ ಕಲೀತೀರಿ.

ಯಾಕೆ ಅಂತ ಒಂದು ಉದಾಹರಣೆ ಹೇಳ್ತೀನಿ. ನಮ್ಮ ಗ್ರೂಪಲ್ಲಿ ಜತ್ತ ಕಡೆಯ ಮೇಡಂ ಒಬ್ರು ಮಕ್ಕಳ ನೋಟ್‌ಬುಕ್ಕಿನ ಫೋಟೋ ಹಾಕಿದ್ರು, 1/2 + 1/3 = 2/5 ಅಂತ ಅರ್ಧ ಕ್ಲಾಸೇ ಬರೆದಿದೆ, ಏನ್ಮಾಡ್ಲಿ ಅಂತ. ಎಲ್ಲರೂ ಲಸಾಅ (ಕೊಟ್ಟ ಎಲ್ಲಾ ಸಂಖ್ಯೆಗಳಿಂದ್ಲೂ ಭಾಗ ಆಗೋ ಅತಿ ಚಿಕ್ಕ ಸಂಖ್ಯೆ) ಇನ್ನೊಂದ್ಸಲ ಹೇಳ್ಕೊಡಿ ಅಂದ್ರು, ನಾನೂ ಅದನ್ನೇ ಹೇಳ್ತಿದ್ದೆ. ಅಷ್ಟರಲ್ಲಿ ಅಕ್ಕಲಕೋಟೆಯ ಸರ್ ಒಬ್ರು ಲಸಾಅ ಈಗ ಬೇಡ, 2/5 ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ ಅಂತ ಮಕ್ಕಳನ್ನೇ ಕೇಳಿ, 30 ಸೆಂಟಿಮೀಟರಿನ ಕಾಗದದ ಪಟ್ಟಿ ಕೊಟ್ಟು ಅಳೆಸಿ ಅಂತ ಬರೆದ್ರು. ಮೇಡಂ ಮಾರನೇ ದಿನ ಹಾಗೇ ಮಾಡಿದ್ರು. ಅರ್ಧ ಅಂದ್ರೆ 15, ಮೂರನೇ ಒಂದು ಭಾಗ 10, ಸೇರಿಸಿದ್ರೆ 25 ಆಗ್ಬೇಕು, ಆದ್ರೆ 2/5 ಅಳೆದ್ರೆ ಬರೋದು ಬರೀ 12. ಒಬ್ಬ ಹುಡುಗ "ಟೀಚರ್, ಕೂಡ್ಸಿದ್ರ ಕಮ್ಮಿ ಆತಲ್ರೀ!" ಅಂದನಂತೆ. ಇನ್ನೊಬ್ಬಳು ಪಟ್ಟಿ 30 ಸೆಂಟಿಮೀಟರೇ ಯಾಕೆ ಅಂತ ಕೇಳಿದ್ಳಂತೆ. ನೋಡಿ, ಆ ಪ್ರಶ್ನೆಯಿಂದ್ಲೇ ಲಸಾಅ ತಾನಾಗೇ ಬಂತು, ಯಾಕಂದ್ರೆ 2, 3, 5 ಮೂರರಿಂದ್ಲೂ ಭಾಗ ಆಗೋ ಸಂಖ್ಯೆ ಬೇಕಲ್ಲ. ಇದನ್ನ ಅವರು ವಾಪಸ್ ಗ್ರೂಪಿಗೆ ಬಂದು ಬರೆದ್ರು, ಅದು ಮುಖ್ಯ. ಪ್ರಶ್ನೆ ಹಾಕಿ ಉತ್ತರ ತಗೊಂಡು ಸುಮ್ಮನಾಗ್ಬಿಟ್ರೆ ಆ ಸಲಹೆ ಕೆಲಸಕ್ಕೆ ಬಂತೋ ಇಲ್ವೋ ಯಾರಿಗೂ ಗೊತ್ತಾಗಲ್ಲ.

ಇದನ್ನ ಕೋರ್ಸ್ ಕೊಡಲ್ಲ. ಹಾಗಂತ ಕೋರ್ಸ್ ಬಿಡ್ಬೇಡಿ. 2017ರ ಸೆಪ್ಟೆಂಬರ್ 5ಕ್ಕೆ ಶುರುವಾದ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದಲ್ಲಿ ಬೋರ್ಡ್ ಕರ್ನಾಟಕ, ಮಾಧ್ಯಮ ಕನ್ನಡ ಅಂತ ಆರಿಸ್ಕೊಂಡ್ರೆ ಕನ್ನಡದಲ್ಲಿ ಬೇಕಾದಷ್ಟು ಪಾಠ ಇದೆ, ಟೀಚರ್‌ಗಳಿಗಾಗಿ ಕೇಂದ್ರ ಸರ್ಕಾರ ನಡೆಸೋ ನಿಷ್ಠಾ ತರಬೇತಿನೂ 2020ರಿಂದ ಅದರಲ್ಲೇ ಬರ್ತಿದೆ. ಹೊಸ ಶಿಕ್ಷಣ ನೀತಿ ವರ್ಷಕ್ಕೆ ಕನಿಷ್ಠ 50 ಗಂಟೆ ಕಲಿಕೆ ಇರ್ಲಿ ಅನ್ನತ್ತೆ, ಆ ಲೆಕ್ಕ ಇದರಿಂದ ತುಂಬುತ್ತೆ. ಆದ್ರೆ ವಿಡಿಯೋ ನಿಮ್ಮ ಕ್ಲಾಸಿನ ನೋಟ್‌ಬುಕ್ ನೋಡಲ್ಲ.

ಕರ್ನಾಟಕದ ಕಡೆ ನೀವು ಖಂಡಿತ ನೋಡ್ಬೇಕಾದ್ದು ವಿಷಯ ಶಿಕ್ಷಕರ ವೇದಿಕೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಮತ್ತೆ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆ ಡಿಎಸ್‌ಇಆರ್‌ಟಿ ಸೇರಿ ಸರ್ಕಾರಿ ಹೈಸ್ಕೂಲ್ ಟೀಚರ್‌ಗಳನ್ನ ವಿಷಯವಾರು ಇಮೇಲ್ ಗ್ರೂಪುಗಳಲ್ಲಿ ಸೇರಿಸಿದ್ರು, ಜೊತೆಗೆ ಟೀಚರ್‌ಗಳೇ ಬರೆದು ತಿದ್ದಬಹುದಾದ ಕೋಯರ್ ಅನ್ನೋ ಮುಕ್ತ ಸಂಪನ್ಮೂಲ ತಾಣ ಮಾಡಿದ್ರು. ಗಣಿತದ ಚಿತ್ರ, ನಕ್ಷೆ ಬರೆಯೋ ಜಿಯೋಜೀಬ್ರಾ ಸಾಫ್ಟ್‌ವೇರ್ ಕಲಿಯೋಕೆ ಅಲ್ಲಿಂದ ಶುರು ಮಾಡಿ. ನಮ್ಮ ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರೂ (ಟಿಸ್) ಅಮೆರಿಕದ ಎಂಐಟಿ ಜೊತೆ ಸೇರಿ ಕ್ಲಿಕ್ಸ್ ಅನ್ನೋ ಯೋಜನೇಲಿ ರಾಜಸ್ಥಾನ, ತೆಲಂಗಾಣ, ಛತ್ತೀಸ್‌ಗಢ, ಮಿಜೋರಾಂ ಟೀಚರ್‌ಗಳಿಗೆ ಮೊಬೈಲ್ ಚಾಟ್ ಗ್ರೂಪ್ ನಡೆಸಿದ್ರು, ಅಂದ್ರೆ ಈ ಚಿಕ್ಕ ಗ್ರೂಪಿನ ದಾರಿ ಬರೀ ನಮ್ಮಂಥವರ ಹಂಬಲ ಅಲ್ಲ.

ಇನ್ನು ಮರಾಠಿ ಗ್ರೂಪ್. ದಯವಿಟ್ಟು ಹಿಂಜರಿಬೇಡಿ. ಆದೇಶ, ಸುತ್ತೋಲೆ ಎಲ್ಲಾ ಅಲ್ಲೇ ಮೊದಲು ಬರೋದು, ಮತ್ತೆ ಹಿಂದಿ ಬೆರೆಸಿ ಕೇಳಿದ್ರೂ ತುಂಬಾ ಪ್ರೀತಿಯಿಂದ ಉತ್ತರ ಕೊಡ್ತಾರೆ. ಸೊಲ್ಲಾಪುರ ಜಿಲ್ಲೆಯ ರಣಜಿತ್‌ಸಿಂಹ ಡಿಸಲೆ ಗುರೂಜಿ ಗೊತ್ತಲ್ಲ, 2020ರ ಗ್ಲೋಬಲ್ ಟೀಚರ್ ಪ್ರೈಜ್ ಗೆದ್ದವರು, ಅವರ ಹಳ್ಳಿಯ ಮಕ್ಕಳ ಮನೆಮಾತು ಕನ್ನಡ ಅಂತ ಅವರು ಕನ್ನಡ ಕಲಿತು, ಪುಸ್ತಕಕ್ಕೆ ಕ್ಯೂಆರ್ ಕೋಡ್ ಹಾಕಿದವರು. ಅವರು ಆ ಕಡೆಯಿಂದ ಕನ್ನಡಕ್ಕೆ ಬಂದಾಗ ನಾವು ಈ ಕಡೆಯಿಂದ ಮರಾಠಿಗೆ ಹೋಗೋದು ದೊಡ್ಡ ಮಾತಲ್ಲ.

ಗ್ರೂಪ್ ನೀವೇ ಶುರು ಮಾಡೋದಾದ್ರೆ ಟೆಲಿಗ್ರಾಂ ಒಳ್ಳೇದು, ಹೊಸದಾಗಿ ಸೇರಿದವರಿಗೆ ಹಳೇ ಚರ್ಚೆ ಕಾಣೋ ಹಾಗೆ ಇಡಬಹುದು, ನಂಬರ್ ಮುಚ್ಚಿಡಬಹುದು, ಹೆಣ್ಮಕ್ಕಳಿಗೆ ಅದು ಬಹಳ ಮುಖ್ಯ. ಗುಡ್ ಮಾರ್ನಿಂಗ್, ಫಾರ್ವರ್ಡ್ ಮೊದಲ ದಿನದಿಂದ್ಲೇ ಬೇಡ ಅನ್ನಿ, ಆಮೇಲೆ ಹೇಳೋಕೆ ಹೋದ್ರೆ ಮನಸ್ತಾಪ ಆಗತ್ತೆ. ನೋಟ್‌ಬುಕ್ ಫೋಟೋ ಹಾಕುವಾಗ ಮಗುವಿನ ಹೆಸರು, ರೋಲ್ ನಂಬರ್ ಮುಚ್ಚಿ, ಮುಖ ಅಂತೂ ಬೇಡ್ವೇ ಬೇಡ. ಪ್ರಶ್ನೆ ಹಾಕುವಾಗ ತರಗತಿ, ಪಾಠ, ಮಗು ಏನು ಬರೀತು, ನೀವು ಈಗಾಗ್ಲೇ ಏನು ಮಾಡಿ ನೋಡಿದ್ರಿ ಅಂತ ಬರೆದ್ರೆ ಅದೇ ದಿನ ಉತ್ತರ ಬರತ್ತೆ, "ಭಿನ್ನರಾಶಿ ಹೇಗೆ ಹೇಳ್ಕೊಡೋದು" ಅಂತ ಕೇಳಿದ್ರೆ ಯಾರೂ ಬರೆಯಲ್ಲ.

ನಿಮಗೆ ಎಷ್ಟನೇ ತರಗತಿ ಕೊಟ್ಟಿದಾರೆ, ಈಗ ಯಾವ ಪಾಠ ನಡೀತಿದೆ ಅಂತ ಕೆಳಗೆ ಬರೀರಿ ಮೇಡಂ, ನಮ್ಮ ಗ್ರೂಪಲ್ಲಿ ಕೇಳಿ ನಾಳೆ ಸಂಜೆಯೊಳಗೆ ಇಲ್ಲೇ ಹಾಕ್ತೀನಿ.