ನೋವು ಹೋದ ಮೇಲೂ ತೋಟದಲ್ಲಿ ಕಾಲು ವಾಲುತ್ತಿದ್ದರೆ

ಅಣ್ಣಾ, ಬಸಿಗಾಲುವೆ ದಾಟುವಾಗ ಬಲಗಾಲು ಒಳಕ್ಕೆ ಹೊರಳಿ ಐದು ವಾರ ಆಯ್ತು, ಎಕ್ಸ್‌ರೇಯಲ್ಲಿ ಮುರಿತ ಇಲ್ಲ, ಅಂಗಳದಲ್ಲಿ ನಡೆದರೆ ನೋವಿಲ್ಲ, ತೋಟಕ್ಕೆ ಇಳಿದರೆ ಮಾತ್ರ ಕಾಲು ಆಗಾಗ ವಾಲುತ್ತದೆ ಅಂತ ಬರೆದಿದ್ದೀರಿ. ಮೇಲೆ ಒಬ್ಬರು ಇನ್ನೊಂದು ತಿಂಗಳು ಕ್ರೇಪ್ ಬ್ಯಾಂಡೇಜ್ ಕಟ್ಟಿ ಅಂದಿದ್ದಾರೆ, ಇನ್ನೊಬ್ಬರು ಎಣ್ಣೆ ಹಾಕಿ ನೀವಿಸಿ ಅಂದಿದ್ದಾರೆ. ನಾನು ಈ ತೋಟಗಾರರ ಗುಂಪಿಗೆ ಸೇರಿದ್ದು ಅಪ್ಪನ ಅಡಿಕೆ ತೋಟಕ್ಕಾಗಿ. ನನ್ನ ಕೆಲಸ ಫಿಸಿಯೋಥೆರಪಿ. ನೀವಿಸಿದರೆ ಹಿತ ಅನಿಸಬಹುದು, ಆದರೆ ವಾಲುವುದು ನಿಲ್ಲುವುದಿಲ್ಲ.

ಕಾಲು ಒಳಕ್ಕೆ ಹೊರಳಿದಾಗ ಸಾಮಾನ್ಯವಾಗಿ ಹಿಗ್ಗುವುದು ಪಾದದ ಕೀಲಿನ ಹೊರಗಂಟಿನ ಮುಂದಿರುವ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಜೋಡಿಸುವ ಪಟ್ಟಿ. ಅದು ಮೂಳೆಗಳನ್ನು ಹಿಡಿದಿಡುವುದಷ್ಟೇ ಅಲ್ಲ, ಪಾದ ಎಷ್ಟು ವಾಲಿದೆ ಅನ್ನುವ ಸುದ್ದಿಯನ್ನೂ ಮಿದುಳಿಗೆ ಕಳಿಸುತ್ತದೆ. ಪೆಟ್ಟಾದ ಮೇಲೆ ಆ ಸುದ್ದಿ ಮಂಕಾಗುತ್ತದೆ. ಮೊಣಕಾಲ ಕೆಳಗೆ ಹೊರಮಗ್ಗುಲಲ್ಲಿರುವ ಸ್ನಾಯು ಪಾದವನ್ನು ಎಳೆದು ನಿಲ್ಲಿಸುವುದು ತಡವಾಗುತ್ತದೆ. ಸಮತಟ್ಟು ಅಂಗಳದಲ್ಲಿ ಇದು ಗೊತ್ತಾಗಲ್ಲ, ಸೋಗೆ ಬಿದ್ದ ತೋಟದಲ್ಲಿ ಗೊತ್ತಾಗುತ್ತದೆ.

ಮೊದಲು ಬಿಗಿತ ನೋಡಿ. ಗೋಡೆಗೆ ಮುಖಮಾಡಿ, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಿ. ಬೆರಳ ತುದಿಯನ್ನು ಗೋಡೆಯಿಂದ ಎಷ್ಟು ಹಿಂದೆ ಇಡಲಾಗುತ್ತದೆ ಅಂತ ಎರಡೂ ಕಾಲಲ್ಲಿ ಅಳೆಯಿರಿ. ಬಲಗಾಲಲ್ಲಿ ಕಡಿಮೆ ಬಂದರೆ ಅದನ್ನೇ ದಿನಕ್ಕೆರಡು ಸಲ, ಹತ್ತು ಹದಿನೈದು ಬಾರಿ ಮಾಡಿ.

ಕಾಲಿಗೆ ಶಕ್ತಿ ಬರಿಸಲು ದುಡ್ಡು ಖರ್ಚು ಮಾಡಬೇಡಿ. ಹಳೇ ಸೈಕಲ್ ಟ್ಯೂಬ್ ಸಾಕು. ಒಂದು ತುದಿ ಮಂಚದ ಕಾಲಿಗೆ ಕಟ್ಟಿ, ಇನ್ನೊಂದನ್ನು ಪಾದಕ್ಕೆ ಸುತ್ತಿ, ಪಾದವನ್ನು ಹೊರಕ್ಕೆ ನಿಧಾನವಾಗಿ ಎಳೆದು ಇನ್ನೂ ನಿಧಾನವಾಗಿ ಬಿಡಿ. ಮೊಣಕಾಲು ತಿರುಗಬಾರದು, ಪಾದ ಮಾತ್ರ. ಜೊತೆಗೆ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಎರಡು ಕಾಲಲ್ಲಿ ಸಲೀಸಾದ ಮೇಲೆ ಬಲಗಾಲೊಂದರಲ್ಲೇ.

ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಬಿಡುವುದೂ ಇದನ್ನೇ: ಒಂಟಿಕಾಲಲ್ಲಿ ನಿಲ್ಲುವುದು. ಹಲ್ಲುಜ್ಜುವಾಗ ಬಲಗಾಲಲ್ಲಿ ನಿಲ್ಲಿ. 30 ಸೆಕೆಂಡು ಅಲುಗಾಡದೆ ನಿಂತರೆ ಕಣ್ಣು ಮುಚ್ಚಿ ನಿಲ್ಲಿ, ಕೈಗೆಟುಕುವಂತೆ ಗೋಡೆ ಇರಲಿ. ಆಗ ಪಾದ ಎಷ್ಟು ನಡುಗುತ್ತದೆ ಅಂತ ನೋಡಿ, ನಿಮಗೇ ಆಶ್ಚರ್ಯ ಆಗುತ್ತೆ. ಅದೂ ಒಗ್ಗಿದ ಮೇಲೆ ಮಡಚಿದ ಕಂಬಳಿ ಮೇಲೆ, ಆಮೇಲೆ ಸಣ್ಣ ಜಿಗಿತ.

ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಊತ ಬಂದರೆ ಜಾಸ್ತಿಯಾಯ್ತು ಅಂತ ಅರ್ಥ, ಕಡಿಮೆ ಮಾಡಿ. ಆರರಿಂದ ಎಂಟು ವಾರ ಬಿಡದೆ ಮಾಡಬೇಕು.

ಕೀಲು ಸಿಕ್ಕಿಹಾಕಿಕೊಂಡಂತೆ ಆದರೆ ಅಥವಾ ಒಳಗೆ ಆಳದಲ್ಲಿ ನೋವು ಉಳಿದರೆ ಮೂಳೆ ಡಾಕ್ಟರಿಗೆ ಮತ್ತೆ ತೋರಿಸಿ, ಮೃದ್ವಸ್ಥಿಗೆ ಪೆಟ್ಟಾಗಿರಬಹುದು, ಅದು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅವತ್ತೇ ಹೋಗಿ, ರಕ್ತ ಹೆಪ್ಪುಗಟ್ಟಿರಬಹುದು.

ತೋಟಕ್ಕೆ ಹೋಗಲೇಬೇಕು ಅಂದರೆ ಪಾದದ ಕೀಲಿಗೆ ಆಸರೆ ಕೊಡುವ, ಲೇಸ್ ಬಿಗಿಯುವ ಆಂಕಲ್ ಬ್ರೇಸ್ ಹಾಕಿ. ಕ್ರೇಪ್ ಬ್ಯಾಂಡೇಜ್ ಅರ್ಧ ಗಂಟೆಯಲ್ಲಿ ಸಡಿಲ ಆಗುತ್ತೆ, ಅಲ್ವಾ? ಔಷಧಿ ಹೊಡೆಯಲು ಏಣಿ ಹತ್ತುವುದನ್ನು ಮಾತ್ರ ಬಲಗಾಲೊಂದರಲ್ಲೇ ಇಪ್ಪತ್ತು ಸಲ ಹಿಮ್ಮಡಿ ಎತ್ತಲು ಆಗುವವರೆಗೆ ಬೇರೆಯವರಿಗೆ ಬಿಡಿ.