‘ಏಷ್ಯಾದಲ್ಲೇ ಮೊದಲಂತೆ!’ ಆ ‘ಅಂತೆ’ ಅಳಿಸುವುದು ಯಾವಾಗ?

ಪ್ರಶ್ನೆ: ಮೇಡಂ, ನಾವು ಮಂಡ್ಯ ಜಿಲ್ಲೆಯ ನಾಲ್ವರು ಪಿಯುಸಿ ವಿದ್ಯಾರ್ಥಿನಿಯರು. ಕಾಲೇಜಿನ ಪ್ರಾಜೆಕ್ಟ್‌ಗೆ ಶಿವನಸಮುದ್ರದ ವಿದ್ಯುತ್ ಕೇಂದ್ರದ ಬಗ್ಗೆ ಎಂಟು ನಿಮಿಷದ ವಿಡಿಯೊ ಮಾಡುತ್ತಿದ್ದೇವೆ. ಹುಡುಕಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ತುಂಬಾ ಜನ ನೋಡಿರುವ ಒಂದು ಯೂಟ್ಯೂಬ್ ವಿಡಿಯೊದಲ್ಲಿ ‘ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ, ಕಟ್ಟಿಸಿದವರು ಸರ್ ಎಂ.ವಿ.’ ಅಂತ ಇದೆ. ಬೇರೆ ಕಡೆ ಬೇರೆ ಹೆಸರು. ಉತ್ಪಾದನೆ ಒಂದು ಕಡೆ 720 ಕಿಲೋವ್ಯಾಟ್, ಇನ್ನೊಂದು ಕಡೆ 4,320, ಮತ್ತೊಂದು ಕಡೆ 42 ಮೆಗಾವ್ಯಾಟ್. ಚಾಟ್‌ಜಿಪಿಟಿ ಹೇಳಿದ ಒಂದು ಪುಸ್ತಕ ಎಲ್ಲೂ ಸಿಗುತ್ತಿಲ್ಲ. ಕೆಇಬಿಯಲ್ಲಿ ಕೆಲಸ ಮಾಡಿದ್ದ ನಮ್ಮ ದೊಡ್ಡಪ್ಪ ಹೇಳುವುದೇ ಬೇರೆ. ‘ಕನಿಷ್ಠ ಐದು ಆಕರ ಬೇಕು’ ಅಂತ ಲೆಕ್ಚರರ್ ಹೇಳಿದ್ದಾರೆ. ನಾವು ಯಾರನ್ನು ನಂಬಬೇಕು?

ಉತ್ತರ: ಮೊದಲು ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಸ್ಕ್ರಿಪ್ಟ್ ತೆಗೆದು ಪ್ರತಿ ವಾಕ್ಯದ ಕೊನೆಗೂ ‘ಅಂತೆ’ ಸೇರಿಸಿ. ‘ಏಷ್ಯಾದಲ್ಲೇ ಮೊದಲನೆಯದಂತೆ. ಸರ್ ಎಂ.ವಿ. ಕಟ್ಟಿಸಿದರಂತೆ. 1902ರಲ್ಲಿ ಶುರುವಾಯಿತಂತೆ.’ ಓದಿದರೆ ನಗು ಬರುತ್ತದೆ, ಅಲ್ವಾ? ಆದರೆ ಸದ್ಯಕ್ಕೆ ನಿಮ್ಮ ಸ್ಕ್ರಿಪ್ಟ್ ಇರುವುದೇ ಹಾಗೆ. ಮಾತಾಡುವಾಗ ನಾವು ಈ ವಿಷಯದಲ್ಲಿ ಬಹಳ ಹುಷಾರು. ಪಕ್ಕದ ಮನೆಯವರು ಬಸ್ ಹತ್ತಿದ್ದನ್ನು ಕಂಡಿದ್ದರೆ ‘ಊರಿಗೆ ಹೋದರು’ ಅನ್ನುತ್ತೇವೆ. ಯಾರೋ ಹೇಳಿದ್ದಾದರೆ ‘ಹೋದರಂತೆ’. ಬರೆಯಲು ಕೂತ ತಕ್ಷಣ ಆ ‘ಅಂತೆ’ ಉದುರಿಹೋಗುತ್ತದೆ, ಕೇಳಿದ್ದೆಲ್ಲ ಕಂಡದ್ದಾಗಿಬಿಡುತ್ತದೆ. ಹಾಗಾಗಿ ಆಧಾರ ಸಿಕ್ಕ ಹಾಗೆ ಒಂದೊಂದೇ ‘ಅಂತೆ’ಯನ್ನು ಅಳಿಸುತ್ತ ಹೋಗಿ. ಸಿಗದಿದ್ದರೆ ‘ಅಂತೆ’ ಅಲ್ಲೇ ಇರಲಿ, ಇಲ್ಲವೇ ಆ ವಾಕ್ಯವನ್ನೇ ಕೈಬಿಡಿ.

ಆಧಾರ ಅಂದರೆ ಏನು? ‘ಯಾರನ್ನು ನಂಬಬೇಕು’ ಅಂತ ಕೇಳಿದ್ದೀರಿ. ಅದರ ಬದಲು ‘ಇವರಿಗೆ ಇದು ಹೇಗೆ ಗೊತ್ತು’ ಅಂತ ಕೇಳಿ ನೋಡಿ. ಯೂಟ್ಯೂಬಿನ ಆ ನಿರೂಪಕರಿಗೆ ಹೇಗೆ ಗೊತ್ತು? ಬಹುಶಃ ಯಾವುದೋ ಲೇಖನ ಓದಿ. ಆ ಲೇಖಕರಿಗೆ? ಹೀಗೆ ಮೇಲೆ ಮೇಲೆ ಹೋಗಬೇಕು. ಎಷ್ಟು ಜನ ನೋಡಿದ್ದಾರೆ ಅನ್ನುವುದು ಈ ಪ್ರಶ್ನೆಗೆ ಉತ್ತರ ಅಲ್ಲವೇ ಅಲ್ಲ.

ಸರ್ ಎಂ.ವಿ. ವಿಷಯ ತೆಗೆದುಕೊಳ್ಳಿ. ಇದಕ್ಕೆ ಲೈಬ್ರರಿಗೂ ಹೋಗಬೇಕಿಲ್ಲ, ಕೂಡಿ ಕಳೆಯುವ ಲೆಕ್ಕ ಸಾಕು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರ ಜೂನ್ 30ರಂದು. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ. 1902ರಲ್ಲಿ ಅವರು ಬಾಂಬೆ ಸರ್ಕಾರದ ನೌಕರಿಯಲ್ಲಿದ್ದರು. ಅಲ್ಲಿಗೆ ಆ ವಾಕ್ಯ ಬಿತ್ತು.

ಇದನ್ನು ಹೇಳುವಾಗ ನನಗೇ ಸ್ವಲ್ಪ ನಾಚಿಕೆ. ಬಹಳ ವರ್ಷಗಳ ಹಿಂದೆ ನಾನು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುವಾಗ ಎಂಜಿನಿಯರ್ಸ್ ಡೇಗೆ ಅಂತ ಒಂದು ಗೋಡೆ ಪತ್ರಿಕೆ ಮಾಡಿದ್ದೆ. ಅದರಲ್ಲಿ ದಪ್ಪಕ್ಷರದಲ್ಲಿ ಇದೇ ತಪ್ಪು ಬರೆದಿದ್ದೆ. ಒಂದು ವಾರ ಯಾರೂ ಏನೂ ಹೇಳಲಿಲ್ಲ. ಕೊನೆಗೆ ಬಿ.ಎ. ಓದುತ್ತಿದ್ದ ಒಬ್ಬ ಹುಡುಗಿ ಬಂದು, ‘ಮೇಡಂ, ಆಗ ಅವರು ಪುಣೆ ಕಡೆ ಇದ್ದರಲ್ವಾ?’ ಅಂತ ಮೆಲ್ಲಗೆ ಕೇಳಿದಳು.

ಆದರೆ ಈ ತಪ್ಪು ಎಲ್ಲಿಂದ ಹುಟ್ಟಿತು ಅಂತ ನೋಡಿದರೆ ನಿಮಗೆ ಒಳ್ಳೆಯ ದೃಶ್ಯ ಸಿಗುತ್ತದೆ. ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿತ್ತು. ಆಗ ಶಿವನಸಮುದ್ರದ ಯಂತ್ರಗಳಿಗೆ ಸಾಕಷ್ಟು ನೀರು ಸಿಗುತ್ತಿರಲಿಲ್ಲ. ವರ್ಷವಿಡೀ ಒಂದೇ ಸಮನೆ ನೀರು ಬಿಡಬೇಕೆಂಬುದು ಮೇಲ್ಗಡೆ ಕನ್ನಂಬಾಡಿ ಕಟ್ಟೆ ಕಟ್ಟಲು ಇದ್ದ ಕಾರಣಗಳಲ್ಲಿ ಒಂದು. ಆ ಕೆಲಸ 1911ರಲ್ಲಿ ಶುರುವಾಯಿತು, ಅಲ್ಲಿ ವಿಶ್ವೇಶ್ವರಯ್ಯನವರು ಇದ್ದರು. ಎರಡು ಕಥೆಗಳ ನಡುವೆ ನಿಜವಾದ ನಂಟು ಇದೆ. ಆ ನಂಟೇ ಜನರ ಬಾಯಲ್ಲಿ ‘ಅವರೇ ಕಟ್ಟಿಸಿದರು’ ಅಂತಾಗಿದೆ.

ಹಾಗಾದರೆ ಯಾರ ಹೆಸರು ಹೇಳಬೇಕು? ಯೋಜನೆಗೆ ಬೆನ್ನೆಲುಬಾಗಿ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ಈಗಲೂ ಆ ಕೇಂದ್ರಕ್ಕೆ ಅವರ ಹೆಸರೇ ಇದೆ. ಯೋಜನೆ ರೂಪಿಸಿ ನಡೆಸಿದ ಎಂಜಿನಿಯರ್ ಕ್ಯಾಪ್ಟನ್ ಜೋಲಿ ಡಿ ಲಾಟ್ಬಿನಿಯರ್. ಪಾಪ, ಶೇಷಾದ್ರಿ ಅಯ್ಯರ್ ದೀಪ ಹತ್ತಿದ್ದನ್ನು ನೋಡಲಿಲ್ಲ. 1901ರಲ್ಲೇ ತೀರಿಕೊಂಡರು. ಇನ್ನೊಂದು ಎಚ್ಚರಿಕೆ: ‘ನಾಲ್ವಡಿಯವರ ಆಳ್ವಿಕೆಯಲ್ಲಿ’ ಅಂತ ಬರೆಯುವಾಗಲೂ ತಾರೀಖು ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕೈಗೆ ಪೂರ್ತಿ ಅಧಿಕಾರ ಬಂದದ್ದು 1902ರ ಆಗಸ್ಟ್ 8ರಂದು. ಜೂನ್ 30ಕ್ಕೆ ರಾಜ್ಯಭಾರ ಮಾಡುತ್ತಿದ್ದವರು ಅವರ ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ನೀವು ನಾಲ್ಕೂ ಜನ ಹುಡುಗಿಯರು. ಈ ಮಾತು ನಿಮ್ಮ ವಿಡಿಯೊದಲ್ಲಿ ಬಂದರೆ ನನಗೆ ಖುಷಿ.

ಇನ್ನು ‘ಏಷ್ಯಾದಲ್ಲೇ ಮೊದಲು’. ಎಲ್ಲೇ ‘ಮೊದಲು’, ‘ಅತಿ ದೊಡ್ಡ’, ‘ಏಕೈಕ’ ಅನ್ನುವ ಪದ ಕಂಡರೂ ಒಂದು ಗಳಿಗೆ ನಿಲ್ಲಿ. ಅಲ್ಲಿ ‘ಅಂತೆ’ ಎರಡು ಸಲ ಹಾಕಿದರೂ ತಪ್ಪಿಲ್ಲ. ಜಪಾನಿನ ಕ್ಯೋಟೊ ನಗರದ ಕೆಆಗೆ ಜಲವಿದ್ಯುತ್ ಕೇಂದ್ರ 1891ರಲ್ಲೇ ಕೆಲಸ ಶುರು ಮಾಡಿತ್ತು. ನಮ್ಮ ದೇಶದ ಒಳಗೇ ಡಾರ್ಜಿಲಿಂಗ್ ಹತ್ತಿರದ ಸಿದ್ರಾಪಾಂಗ್‌ನಲ್ಲಿ 1897ರಲ್ಲಿ ನೀರಿನಿಂದ ವಿದ್ಯುತ್ ತಯಾರಾಗಿತ್ತು. ಅದು 130 ಕಿಲೋವ್ಯಾಟಿನ ಪುಟ್ಟ ಕೇಂದ್ರ, ಪಟ್ಟಣದ ದೀಪಗಳಿಗೆ ಅಂತ ಮಾಡಿದ್ದು. ಬೆಂಗಳೂರಿನ ಬೀದಿ ದೀಪದ ಕಥೆಯೂ ಹೀಗೇ. 1905ರ ಆಗಸ್ಟ್ 5ರಂದು ಇಲ್ಲಿ ವಿದ್ಯುತ್ ದೀಪ ಉರಿದದ್ದು ದೊಡ್ಡ ಸಂಗತಿಯೇ, ಆದರೆ ಟೋಕಿಯೋದ ಗಿಂಜಾ ಬೀದಿಯಲ್ಲಿ 1882ರಲ್ಲೇ ವಿದ್ಯುತ್ ದೀಪ ಬೆಳಗಿತ್ತು.

‘ಅಯ್ಯೋ, ನಮ್ಮ ವಿಡಿಯೊದ ಟೈಟಲ್ಲೇ ಹೋಯಿತಲ್ಲ’ ಅಂತ ಬೇಜಾರಾಗಬೇಡಿ. ಹೆಮ್ಮೆಪಡಲು ಶಿವನಸಮುದ್ರಕ್ಕೆ ಸುಳ್ಳು ಬೇಕಿಲ್ಲ. ಅಲ್ಲಿಂದ ಕೆಜಿಎಫ್‌ಗೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ದೂರ ತಂತಿ ಎಳೆದಿದ್ದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. (ಮೈಲಿಯನ್ನು ಕಿಲೋಮೀಟರ್ ಅಂತ ಬರೆದುಬಿಡುವುದು ಇಂಥ ಕಡೆ ತೀರಾ ಸಾಮಾನ್ಯ. ಎರಡು ಕಡೆ ಒಂದೇ ಅಂಕಿ ಇದ್ದು ಅಳತೆ ಬೇರೆ ಇದ್ದರೆ ಹುಷಾರು.) ನದಿ ಪಕ್ಕದ ಹಳ್ಳಿಗಳಿಗೆ ಬರುವ ಮೊದಲೇ ಕರೆಂಟ್ ಅಷ್ಟು ದೂರದ ಗಣಿಗೆ ಹೋಯಿತು. ಯಾಕೆ? ದುಡ್ಡು ಕೊಟ್ಟು ಕೊಳ್ಳುವ ದೊಡ್ಡ ಗಿರಾಕಿ ಅಲ್ಲಿತ್ತು. ‘ಏಷ್ಯಾದಲ್ಲೇ ಮೊದಲು’ ಅನ್ನುವುದಕ್ಕಿಂತ ಇದು ಹತ್ತು ಪಾಲು ಒಳ್ಳೆಯ ಕಥೆ ಅನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಮೂರು ಅಂಕಿಗಳ ಜಗಳ ಜಗಳವೇ ಅಲ್ಲ. 720 ಅಂದರೆ ಒಂದು ಯಂತ್ರದ ಶಕ್ತಿ. ಅಂಥ ಆರು ಯಂತ್ರ ಸೇರಿದರೆ 4,320 ಕಿಲೋವ್ಯಾಟ್. 42 ಮೆಗಾವ್ಯಾಟ್ ಅನ್ನುವುದು ಆಮೇಲೆ ಬೆಳೆದ ಕೇಂದ್ರದ ಲೆಕ್ಕ. ಎರಡು ಆಕರ ಬೇರೆ ಬೇರೆ ಹೇಳಿದರೆ ಒಂದು ಸುಳ್ಳೇ ಆಗಬೇಕಿಲ್ಲ. ಅವು ಯಾವುದನ್ನು ಅಳೆಯುತ್ತಿವೆ, ಯಾವ ವರ್ಷದ್ದು ಅಂತ ಮೊದಲು ನೋಡಿ.

ಈಗ ನಿಮ್ಮ ಲೆಕ್ಚರರ್ ಕೇಳಿದ ಐದು. ಒಂದೇ ಲೇಖನವನ್ನು ನಕಲು ಮಾಡಿದ ಐದು ವೆಬ್‌ಸೈಟು ಐದು ಸಾಕ್ಷಿ ಆಗುವುದಿಲ್ಲ. ಊರಲ್ಲಿ ಒಬ್ಬರು ಹಬ್ಬಿಸಿದ ಸುದ್ದಿಯನ್ನು ಐದು ಜನ ಬಂದು ಹೇಳಿದ ಹಾಗೆ ಅಷ್ಟೇ. ನಕಲು ಪತ್ತೆ ಮಾಡುವುದು ಸುಲಭ: ಒಂದು ವಾಕ್ಯವನ್ನು ಕಾಪಿ ಮಾಡಿ, ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಅದೇ ಪದ, ಅದೇ ಕಾಗುಣಿತದ ತಪ್ಪು ಎಲ್ಲ ಕಡೆ ಕಂಡರೆ ಅವೆಲ್ಲ ಸೇರಿ ಒಂದೇ ಆಕರ.

ಬೇರೆ ಬೇರೆ ದಿಕ್ಕಿನಿಂದ ಬರುವ ಆಕರ ಎಲ್ಲಿದೆ ಅಂದರೆ, ಮೊದಲು ದಿವಾನರ ಭಾಷಣಗಳು. ಮೈಸೂರಿನಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ನಡೆಯುತ್ತಿತ್ತು. ದಸರಾ ಹೊತ್ತಿಗೆ ದಿವಾನರು ಎದ್ದು ನಿಂತು ವರ್ಷದ ವರದಿ ಒಪ್ಪಿಸುತ್ತಿದ್ದರು. ಅವು ಅಚ್ಚಾಗಿವೆ. ಆಮೇಲೆ ಗೆಜೆಟಿಯರ್‌ಗಳು, ಅಂದರೆ ಒಂದು ಸೀಮೆಯ ಊರು, ಜನ, ಇತಿಹಾಸದ ವಿವರವನ್ನೆಲ್ಲ ಸರ್ಕಾರ ಒಟ್ಟುಮಾಡಿಸಿ ಅಚ್ಚು ಹಾಕಿಸಿದ ಪುಸ್ತಕಗಳು. ಇಲ್ಲಿ ಒಂದು ಮೋಜು ಇದೆ: ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನ ಪರಿಷ್ಕೃತ ಮುದ್ರಣ 1897ರದ್ದು. ಎಷ್ಟೇ ಹೆಸರುವಾಸಿ ಪುಸ್ತಕವಾದರೂ 1902ರ ಸಂಗತಿ ಅದರಲ್ಲಿ ಇರಲು ಸಾಧ್ಯವಿಲ್ಲ. ಯಾರಾದರೂ ‘ರೈಸ್ ಹೇಳಿದ್ದಾರೆ’ ಅಂದರೆ ಅವರು ಪುಸ್ತಕ ತೆರೆದಿಲ್ಲ ಅಂತ ತಿಳಿಯಿರಿ. ನಿಮಗೆ ಬೇಕಾದದ್ದು 1920ರ ದಶಕದ ಕೊನೆಗೆ ಬಂದ ಹಯವದನ ರಾಯರ ಗೆಜೆಟಿಯರ್, ಮತ್ತು ಆಮೇಲಿನ ಮಂಡ್ಯ ಜಿಲ್ಲಾ ಗೆಜೆಟಿಯರ್. ಹಳೆಯ ಗೆಜೆಟಿಯರ್‌ಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹುಡುಕುವಾಗ ಮಾತ್ರ ಹಳೆಯ ಹೆಸರು ಹಾಕಿ. ಆ ಕಾಲದ ಇಂಗ್ಲಿಷ್ ಕಾಗದಗಳಲ್ಲಿ ಊರು ‘ಶಿವಸಮುದ್ರಂ’, ಯೋಜನೆ ‘ಕಾವೇರಿ ಪವರ್ ಸ್ಕೀಮ್’. ಈಗಿನ ಹೆಸರಲ್ಲಿ ಹುಡುಕಿ, ಏನೂ ಇಲ್ಲ ಅಂತ ಕೈಚೆಲ್ಲುವವರೇ ಜಾಸ್ತಿ.

ಬೆಂಗಳೂರಿಗೆ ಬರುವುದಿದ್ದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. ಆ ಕಟ್ಟಡದ ಹೆಸರೇ ಶೇಷಾದ್ರಿ ಅಯ್ಯರ್ ಮೆಮೋರಿಯಲ್ ಹಾಲ್, ಮುಂದೆ ಅವರ ಪ್ರತಿಮೆಯೂ ಇದೆ. ಒಂದು ಶಾಟ್ ಅಲ್ಲೇ ಸಿಕ್ಕಿತು. ಸಂಸ್ಥಾನದ ಹಳೆಯ ಕಡತಗಳು ರಾಜ್ಯ ಪತ್ರಾಗಾರದಲ್ಲಿವೆ. ಕಾಲೇಜಿನಿಂದ ಪತ್ರ ತೆಗೆದುಕೊಂಡು ಹೋದರೆ ಕೆಲಸ ಸಲೀಸು.

ಹಳೆಯ ದಾಖಲೆ ಅಂತ ಕಣ್ಣು ಮುಚ್ಚಿ ಒಪ್ಪಬೇಕಿಲ್ಲ. ದಿವಾನರ ಭಾಷಣ ಅಂದರೆ ಸರ್ಕಾರ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವ ಜಾಗ. ಖರ್ಚು, ತಾರೀಖು, ಯಂತ್ರಗಳ ಲೆಕ್ಕಕ್ಕೆ ಅದು ಗಟ್ಟಿ. ಕಲ್ಲು ಹೊತ್ತವರು ಯಾರು, ಅವರ ಕಷ್ಟ ಏನಿತ್ತು ಅನ್ನುವುದನ್ನು ಅಲ್ಲಿ ಹುಡುಕಬೇಡಿ.

ವಿಕಿಪೀಡಿಯ ಬಗ್ಗೆ ಮೇಷ್ಟ್ರುಗಳು ಸುಮ್ನೆ ಹೆದರಿಸುತ್ತಾರೆ. ಅದು ದಾರಿ ತೋರಿಸುವ ಬೋರ್ಡು. ಬೋರ್ಡಿನ ಕೆಳಗೇ ಡೇರೆ ಹಾಕಬಾರದು, ಅಷ್ಟೇ. ಲೇಖನದ ಕೊನೆಯಲ್ಲಿರುವ ಅಡಿಟಿಪ್ಪಣಿ ಹಿಡಿದು ಮುಂದೆ ಹೋಗಿ. ಚಾಟ್‌ಜಿಪಿಟಿ ಹೇಳಿದ ಪುಸ್ತಕ ಹುಡುಕುವುದನ್ನು ಇವತ್ತೇ ನಿಲ್ಲಿಸಿ. ಇರಬಹುದಾದಂಥ ಹೆಸರನ್ನು ಅದು ಚೆನ್ನಾಗಿ ಹೆಣೆಯುತ್ತದೆ. ಲೈಬ್ರರಿಗಳ ಕ್ಯಾಟಲಾಗಿನಲ್ಲೂ ಇಲ್ಲ, ಎಲ್ಲೂ ಇಲ್ಲ ಅಂದರೆ ಆ ಪುಸ್ತಕ ಹುಟ್ಟೇ ಇಲ್ಲದಿರುವ ಸಂಭವ ಹೆಚ್ಚು. ಯಾವ ಪದ ಹಾಕಿ ಹುಡುಕಲಿ ಅಂತ ಅದನ್ನು ಕೇಳಿ, ಸಂಗತಿ ಕೇಳಬೇಡಿ.

ದೊಡ್ಡಪ್ಪನವರನ್ನು ಮಾತ್ರ ಬಿಡಬೇಡಿ. 1902ರ ಬಗ್ಗೆ ಅವರು ಹೇಳುವುದೂ ‘ಅಂತೆ’ಯೇ. ಆದರೆ ತಾವು ಕೆಲಸ ಮಾಡಿದ ಕಾಲದ ಬಗ್ಗೆ ಅವರಿಗಿಂತ ದೊಡ್ಡ ಆಕರ ನಿಮಗೆ ಸಿಗುವುದಿಲ್ಲ. ರಾತ್ರಿ ಪಾಳಿ ಹೇಗಿರುತ್ತಿತ್ತು? ಕರೆಂಟ್ ಹೋದಾಗ ಮೊದಲು ಯಾರಿಗೆ ಫೋನು? ‘ಆಗ ಹೇಗಿತ್ತು’ ಅಂತ ಕೇಳಿದರೆ ಪುರಾಣ ಬರುತ್ತದೆ. ‘ನೀವು ಏನು ಮಾಡುತ್ತಿದ್ದಿರಿ’ ಅಂತ ಕೇಳಿದರೆ ಕಂಡದ್ದು ಬರುತ್ತದೆ. ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ, ತಾರೀಖು ಬರೆದಿಡಿ. ಅವರು ಮಾತಿನ ಮಧ್ಯೆ ಆ ಜಾಗವನ್ನು ‘ಬ್ಲಫ್’ ಅಂದರೆ ಗಾಬರಿಯಾಗಬೇಡಿ. ಪವರ್ ಹೌಸ್ ಇರುವ ಕಡೆಗೆ ಅದೇ ಹೆಸರು. ಇಂಗ್ಲಿಷಿನಲ್ಲಿ ಆ ಪದಕ್ಕೆ ಕಡಿದಾದ ಬಂಡೆ ಅನ್ನುವ ಅರ್ಥವೂ ಇದೆ. ಆಕರಗಳ ಸತ್ಯಾಸತ್ಯ ನೋಡಲು ಹೊರಟವರಿಗೆ ಬ್ಲಫ್ ಎಂಬ ಊರೇ ಸಿಕ್ಕಿದೆಯಲ್ಲ ಅಂತ ನಾನಂತೂ ಒಬ್ಬಳೇ ನಕ್ಕೆ.

ಚಿತ್ರಗಳ ವಿಷಯದಲ್ಲಿ ವಿಡಿಯೊ ಮಾಡುವವರು ಜಾಸ್ತಿ ಎಡವುತ್ತಾರೆ. ಮಾತು ಸರಿ ಇರುತ್ತದೆ, ಹಿಂದೆ ಓಡುವ ಫೋಟೊ ಬೇರೆ ಯಾವುದೋ ಜಲಪಾತದ್ದಾಗಿರುತ್ತದೆ. ಪ್ರತಿ ಫೋಟೊವನ್ನೂ ಗೂಗಲ್ ಲೆನ್ಸ್‌ನಲ್ಲಿ ಹಾಕಿ ಮೊದಲು ಎಲ್ಲಿ ಬಂದಿತ್ತು ಅಂತ ನೋಡಿ. ಗಗನಚುಕ್ಕಿ, ಭರಚುಕ್ಕಿ ಅದಲುಬದಲಾಗದಿರಲಿ. ನಿಮ್ಮ ಜಿಲ್ಲೆಯವರೇ ನೋಡಿ ನಗುತ್ತಾರೆ. ಎಐ ಬರೆದ ‘ಹಳೆಯ’ ಚಿತ್ರ ಹಾಕುವುದಾದರೆ ಅದು ಕಲ್ಪನೆ ಅಂತ ಪರದೆಯ ಮೇಲೇ ಬರೆಯಿರಿ. ಹಾಗೆಯೇ ಮುಖ್ಯ ಮಾತು ಬಂದಾಗ ಮೂಲೆಯಲ್ಲಿ ಸಣ್ಣದಾಗಿ ಆಕರದ ಹೆಸರು, ವರ್ಷ ಹಾಕಿ. ಕೊನೆಯಲ್ಲಿ ಹತ್ತು ಲಿಂಕು ಸರಸರ ಓಡಿಸಿದರೆ ಯಾರೂ ಓದುವುದಿಲ್ಲ.

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕ. ವಿಡಿಯೊ ಪ್ರಾಜೆಕ್ಟ್ ಕೊಟ್ಟರೆ ಮಕ್ಕಳು ಹದಿನೈದು ಲಿಂಕ್ ಪಟ್ಟಿ ಮಾಡಿ ತರುತ್ತಾರೆ. ಒಂದನ್ನೂ ಓದಿರುವುದಿಲ್ಲ. ಅಂಕ ಹೇಗೆ ಕೊಡಲಿ?

ಉತ್ತರ: ಸರ್, ಪಟ್ಟಿ ಕೇಳುವುದನ್ನೇ ಬಿಡಿ. ಮೂರೇ ಆಕರ ಸಾಕು. ಪ್ರತಿಯೊಂದರ ಮುಂದೆ ‘ಇವರಿಗೆ ಇದು ಹೇಗೆ ಗೊತ್ತು’ ಅನ್ನುವುದಕ್ಕೆ ಒಂದು ಸಾಲಿನ ಉತ್ತರ ಬರೆಸಿ. ‘ಅಜ್ಜಿ ಕಣ್ಣಾರೆ ಕಂಡಿದ್ದಾರೆ’ ಅಂತ ಬರೆದ ಮಗುವಿಗೆ ‘ಗೂಗಲ್’ ಅಂತ ಬರೆದ ಮಗುವಿಗಿಂತ ಜಾಸ್ತಿ ಅಂಕ ಕೊಡಿ. ಜೊತೆಗೆ, ಹುಡುಕಿ ನೋಡಿ ಕೈಬಿಟ್ಟ ಒಂದು ಆಕರವನ್ನೂ, ಯಾಕೆ ಬಿಟ್ಟಿರಿ ಅನ್ನುವುದನ್ನೂ ಕೇಳಿ. ಅದಕ್ಕೆ ನಾನಾಗಿದ್ದರೆ ಅರ್ಧ ಅಂಕ ಮೀಸಲಿಡುತ್ತಿದ್ದೆ, ಯಾಕೆಂದರೆ ಆ ಉತ್ತರವನ್ನು ಪಕ್ಕದವರಿಂದ ಕಾಪಿ ಹೊಡೆಯುವುದು ಕಷ್ಟ.