ಸಂಪಾದಕರ ಉತ್ತರ: ಗಜನಿಗೆ ಬೇಲಿ ಯಾಕೆ?

ದಾವಣಗೆರೆಯಿಂದ ಬರೆದಿರುವ ಓದುಗರಿಗೆ ನಮಸ್ಕಾರ.

ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಬೆಳೆಯುವ, ಉಪ್ಪು ತಾಳುವ ಕಗ್ಗ ಭತ್ತದ ಬಗ್ಗೆ ಹೋದ ತಿಂಗಳು ಹಾಕಿದ್ದ ಲೇಖನ ಓದಿ ನೀವು ಕೇಳಿದ್ದೀರಿ: ‘2024ರಲ್ಲಿ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಜಾಗದಲ್ಲಿ ಗದ್ದೆ ಮಾಡೋದು, ಸಿಗಡಿ ಹಿಡಿಯೋದು ಸರಿಯಾ? ಬೇಲಿ ಹಾಕಿ ಜನರನ್ನು ದೂರ ಇಟ್ಟರೆ ಹಕ್ಕಿಗಳಾದರೂ ನೆಮ್ಮದಿಯಾಗಿ ಇರ್ತಾವಲ್ವಾ?’

ಕಾಳಜಿ ಒಪ್ಪಿದೆ, ಬೇಲಿ ಒಪ್ಪಲಿಲ್ಲ.

ಭದ್ರಾ ಕಾಲುವೆಯ ಗದ್ದೆ ನೋಡಿ ಬೆಳೆದವರಿಗೆ ಕುಮಟಾದ ಗಜನಿ, ಅಂದರೆ ಅಳಿವೆ ದಂಡೆಯ ತಗ್ಗು ಗದ್ದೆ, ವಿಚಿತ್ರ ಅನ್ನಿಸಬಹುದು. ಇಲ್ಲಿ ಮಳೆಗಾಲದಲ್ಲಿ ಘಟ್ಟದ ಸಿಹಿನೀರು, ಆಮೇಲೆ ಉಬ್ಬರದ ಉಪ್ಪುನೀರು. ಮೊದಲ ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಎರಚುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಪೈರು ಸಾಯುವುದಿಲ್ಲ. ಕೊಯ್ಲಿನಲ್ಲಿ ನೀರಲ್ಲೇ ನಿಂತು ತೆನೆ ಮಾತ್ರ ಕತ್ತರಿಸುತ್ತಾರೆ. ಹುಲ್ಲು ಅಲ್ಲೇ ಬಿಡುತ್ತಾರೆ. ಸೋಮಾರಿತನ ಅಲ್ಲ ಅದು! ಕಟ್ಟೆಯ ಬಾಗಿಲಿನ ಹಲಗೆ ತೆಗೆದು ಉಬ್ಬರದ ನೀರು ಒಳಗೆ ಬಿಟ್ಟಾಗ ಆ ಹುಲ್ಲು ಕೊಳೆತು ಸಿಗಡಿ, ಮೀನಿಗೆ ಮೇವಾಗುತ್ತದೆ. ಮೀನಿನ ಹಿಂದೆ ಕೊಕ್ಕರೆ ಬರುತ್ತದೆ. ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿದರೆ ಮನೆಯ ಸಾರಿಗೂ ಆಯಿತು.

ಈಗ ಬೇಲಿ ಹಾಕಿದಿರಿ ಅಂತಿಟ್ಟುಕೊಳ್ಳಿ. ಮಣ್ಣಿನ ಕಟ್ಟೆ ರಿಪೇರಿ ಯಾರು ಮಾಡುತ್ತಾರೆ? ಒಮ್ಮೆ ಒಡೆದರೆ ಉಪ್ಪುನೀರು ವರ್ಷವಿಡೀ ಒಳಗೇ. ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ಬೆಳೆಯಬಹುದು, ಅದೂ ಒಳ್ಳೆಯದೇ. ಆದರೆ ಕಗ್ಗ ಹೋಯಿತು. ಬಿತ್ತದೆ ಇಟ್ಟ ಬೀಜ ಎಷ್ಟು ವರ್ಷ ಮೊಳೆತೀತು? ಮಾಣಿಕಟ್ಟಾದಂಥ ಊರಿನ ರೈತರು ಸೇರಿ ಬೇಸಾಯ ಮಾಡಿದ್ದರಿಂದಲೇ ಆ ತಳಿ ಇನ್ನೂ ಕೈಲಿದೆ. ಅಂದಹಾಗೆ, 1971ರ ರಾಮ್ಸಾರ್ ಒಪ್ಪಂದ ಕೂಡ ಜನರನ್ನು ಎಬ್ಬಿಸಿ ಅನ್ನುವುದಿಲ್ಲ. ಜೌಗನ್ನು ವಿವೇಕದಿಂದ ಬಳಸಿ ಅನ್ನುತ್ತದೆ.

ಹಾಗಂತ ಅಲ್ಲಿ ನಡೆಯೋದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಭತ್ತ ಬಿಟ್ಟು ಗಜನಿಯನ್ನು ಬರೀ ಸಿಗಡಿಗೆ ಗುತ್ತಿಗೆ ಕೊಡುವುದು ಜಾಸ್ತಿಯಾಯಿತು. ದುಡ್ಡು ಅದರಲ್ಲೇ ಹೆಚ್ಚು, ರೈತರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ಮರಿ ಚಿಪ್ಪಿಕಲ್ಲನ್ನೂ ಬಿಡದೆ ಬಾಚುವುದು, ಮರಳು ತೆಗೆಯುವುದು, ಇವುಗಳ ಬಗ್ಗೆ ನಮ್ಮ ಲೇಖನ ಒಂದು ಸಾಲೂ ಬರೆಯಲಿಲ್ಲ. ಅದು ನಮ್ಮ ತಪ್ಪು. ನಿಮ್ಮ ಸಿಟ್ಟು ಆ ಕಡೆ ತಿರುಗಿದರೆ ನಾನೂ ಜೊತೆಗಿದ್ದೇನೆ.

ಕೊನೆಗೆ ಕಗ್ಗದ ಅಕ್ಕಿ ಹೇಗಿರುತ್ತೆ ಅಂತ ಕೇಳಿದ್ದೀರಿ. ಕೆಂಪಕ್ಕಿ, ಗಂಜಿಗೆ ಬಲು ಚೆನ್ನ. ಜೊತೆಗೆ ಸುಟ್ಟ ಒಣಮೀನು. ನೀವು ತಿನ್ನದವರಾದರೆ ಅಪ್ಪೆಮಿಡಿ ಉಪ್ಪಿನಕಾಯಿ.

– ಸಂಪಾದಕ